ಟಿ ಇರಬೇಕಾದಲ್ಲಿ ಜಿ

ಜೀಪಿನ ಕಿಟಕಿಯಾಚೆ ಕುದುರೆಗಳ ಬೆನ್ನು ಹೊಳೆಯುತ್ತಿದೆ, ಅವುಗಳ ಹಾಲು ಕರೆಯುವ ಹೊತ್ತು, ಅಕ್ಕ ಅಲ್ಲೇ ಎಲ್ಲೋ ಬಕೆಟ್ ಹಿಡಿದಿರುತ್ತಾಳೆ, ಏನೆಂದು ಶುರು ಮಾಡುವುದು — ಬಿಷ್ಕೆಕ್‌ನಿಂದ ಏಳು ತಾಸು ಬುರುಲ್ ಇದೊಂದನ್ನೇ ಅಗಿಯುತ್ತ ಬಂದಿದ್ದಾಳೆ, ಪ್ರಯೋಗಾಲಯದಲ್ಲಿ ನಾನೂರು ಹೆಂಗಸರ ಗರ್ಭಕೊರಳಿನ ವೈರಸ್ಸನ್ನು ಅಕ್ಷರ ಅಕ್ಷರವಾಗಿ ಓದಿದವಳು, ಒಡಹುಟ್ಟಿದವಳಿಗೆ ಹೇಳಲು ಒಂದು ಮಾತು ಹುಟ್ಟುತ್ತಿಲ್ಲ. ನಂದು ಇನ್ನೂರ ಹನ್ನೆರಡನೇ ನಂಬರು, ನೋಡಿ ಹೇಳೇ, ಎಂದು ಸಲ್ತನತಕ್ಕನೇ ಫೋನಿನಲ್ಲಿ ನಕ್ಕಿದ್ದಳು, ಬುರುಲ್ ನೋಡಿದಳು, ಹದಿನಾರನೆಯ ಬಗೆ, ಅದು ಬೇಕಾದಷ್ಟು ಜನಕ್ಕಿದೆ, ಬಹುಪಾಲು ತಾನಾಗಿ ಹೋಗಿಬಿಡುತ್ತದೆ, ಆದರೆ ಅಕ್ಕನದರಲ್ಲಿ ಟಿ ಇರಬೇಕಾದಲ್ಲಿ ಜಿ, ಒಂದೇ ಅಕ್ಷರ, ಒಳಗೊಳಗೇ ಬೇರೆ ಕವಲು, ಸುಲಭಕ್ಕೆ ಬಿಟ್ಟುಹೋಗದ, ಕ್ಯಾನ್ಸರ್ ಆಗಿ ಬಲಿಯುವ ಸಂಭವ ಹೆಚ್ಚಿರುವ ಕವಲು. ವರದಿಯಲ್ಲಿ ಒಂದು ಸಾಲು ಸೇರಿಸೋಣ ಎಂದರೆ ಮೇಲಧಿಕಾರಿ ಮೆದೆತ್ ಕನ್ನಡಕ ಒರೆಸಿಕೊಂಡ — ಹೆಚ್ಚು ಅಂದ್ರೆ ಎಷ್ಟಮ್ಮ, ಇವಳಿಗೇ ಬರುತ್ತೆ ಅಂತ ಬರ್ಕೊಡ್ತೀಯಾ? ಬರೆದುಕೊಡಲಾರಳು, ಅದೇ ಸಂಕಟ, ಅವನದು ತಪ್ಪೂ ಅಲ್ಲ, ಪರೀಕ್ಷೆಗೆ ಬನ್ನಿ ಅಂತ ಎಲ್ರಿಗೂ ಕಾಗದ ಕಳಿಸಿದೀವಲ್ಲ ಎಂದ, ಕಳಿಸಿದ್ದರು, ಏಪ್ರಿಲ್‌ನಲ್ಲಿ, ಈಗ ಜುಲೈ, ಅಕ್ಕ ಬಂದಿಲ್ಲ.

ಅಕ್ಕ ಮಂಡಿಯೂರಿ ಹಾಲು ಕರೆಯುತ್ತಿದ್ದಾಳೆ, ಕುದುರೆಮರಿ ಪಕ್ಕದಲ್ಲೇ ನಿಂತಿದೆ, ಅವಳ ಮುಖ ಬಿಳುಚಿದೆಯೋ ಬೆಟ್ಟದ ಬಿಸಿಲಿಗೆ ಹಾಗೆ ಕಾಣುತ್ತದೋ, ಬಂದ್ಯಾ, ಮೊದ್ಲು ಕುಮಿಸ್ ಕುಡಿ, ಆಮೇಲೆ ಬೈ. ಬುರುಲ್ ಆ ಹುಳಿ ಬರಿಸಿದ ಕುದುರೆ ಹಾಲನ್ನು ಕುಡಿಯದೆಯೇ ಬೈದಳು, ಟಿ ಎಂದಳು, ಜಿ ಎಂದಳು, ಬೆರಳಲ್ಲಿ ನೆಲದ ಮೇಲೆ ಗೀಚಿಯೂ ತೋರಿಸಿದಳು, ಒಮುರ್ಬೆಕ್ ಭಾವ ಹೊಟ್ಟೆ ಹಿಡಿದು ನಕ್ಕ — ಒಂದ್ ಅಕ್ಷರ ತಪ್ಪಿದ್ದಕ್ಕೆ ಇಷ್ಟು ದೂರ ಬಂದ್ಯಾ, ನಾನು ಸ್ಕೂಲಲ್ಲಿ ಸಾಲುಸಾಲೇ ತಪ್ಪು ಬರೀತಿದ್ದೆ! ಅಕ್ಕನೂ ನಕ್ಕಳು, ನೋವಿಲ್ಲ ಕಣೇ, ನರ್ಸೇ ಹೇಳಿದ್ಲು ತಾನಾಗಿ ಹೋಗುತ್ತೆ ಅಂತ, ಕುದುರೆ ಹಾಲು ನಿಲ್ಲಲಿ, ಶರತ್ಕಾಲಕ್ಕೆ ಬರ್ತೀನಿ, ತಾನು ಎಷ್ಟು ಓದಿದರೇನು, ಗೋಡೆಗೆ ಹೇಳಿದರೆ ಗೋಡೆಯಾದರೂ ಮಾರ್ದನಿಸೀತು, ಬುರುಲ್‌ಗೆ ಬಕೆಟ್ ಒದೆಯಬೇಕೆನಿಸಿತು. ಭಾವ ಇನ್ನೂ ಹಾಸ್ಯದ ಗುಂಗಿನಲ್ಲೇ ಇದ್ದ, ನಿಮ್ಮಕ್ಕಂಗೆ ವಯಸ್ಸಾಯ್ತು, ಮದುವೆ ದಿನ ಕುದುರೆ ಓಡಿಸಿ ನನ್ನನ್ನೇ ಹಿಂದೆ ಹಾಕ್ದೋಳು, ಈ ಸಲ ಹತ್ತೋದೇ ಬಿಟ್ಟಿದಾಳೆ, ಲಗಾಮು ಹಿಡ್ಕೊಂಡು ನಡ್ಕೊಂಡೇ ಹೋಗ್ತಾಳೆ. ಅಕ್ಕನ ಕೈ ನಿಂತಿತು, ಹಾಲಿನ ಸದ್ದು ನಿಂತಿತು, ಭಾವ ಮರಿ ಬಿಚ್ಚಲು ಹೋದ.

ನಡೆದುಕೊಂಡು, ಯಾಕೆ ನಡೆದುಕೊಂಡು, ಯಾವಾಗಿನಿಂದ — ಬುರುಲ್ ಗುಡಾರದ ಹಿಂದಕ್ಕೆ ಓಡುತ್ತಾಳೆ, ಅಕ್ಕನ ಜೀನು ಮೂಲೆಯಲ್ಲಿ ಧೂಳು ತಿನ್ನುತ್ತಿದೆ, ಅದರ ಮೇಲೆ ಹಾಸುವ ಕಂಬಳಿ ಹಗ್ಗದ ಮೇಲೆ, ಬಿಸಿಲಿಗೆ, ಮೇಲ್ಮಗ್ಗುಲು ಕಾಣದಂತೆ ಮಡಚಿ, ಬಿಡಿಸಿದಳು, ಅಂಗೈಯಗಲ ಒಣನೆತ್ತರಿನ ಕಂದು ಕಲೆ, ತೊಳೆದದ್ದು, ಮತ್ತೆ ತೊಳೆದದ್ದು, ಉಣ್ಣೆ ಅಲ್ಲಿ ಸವೆದೇಹೋಗಿದೆ, ಹಿಂದೆ ಹೆಜ್ಜೆ ಸದ್ದು, ಅಕ್ಕ, ಮಾರ್ಚಿಂದ ಹೀಗೇ, ನಿಮ್ಮ ಭಾವಂಗೆ ಹೇಳ್ಬೇಡ, ನಾಳೆ ನಿನ್ ಜೊತೆ ಬರ್ತೀನಿ, ಸೋಪು ಹಾಕಿದೆ ಕಣೇ, ಬೂದಿ ಹಾಕಿ ಉಜ್ಜಿದೆ, ಹೋಗ್ಲಿಲ್ಲ — ಮಾರ್ಚಿಂದ, ಏಪ್ರಿಲ್, ಮೇ, ಜೂನ್, ಬುರುಲ್‌ಗೆ ಅಕ್ಷರ ಯಾವುದೂ ನೆನಪಿಲ್ಲ, ಕಲೆ, ಅಂಗೈಯಗಲ, ತೊಳೆದರೂ ಅಲ್ಲೇ, ಕಲೆ