ಹದ ಹಿಡಿದ ಕೈ

ನಾಲ್ಕನೆಯ ತಿರುವೂ ದಾಟಿತು, ಸ್ಟೀರಿಂಗ್ ಏನೂ ಹೇಳಲಿಲ್ಲ.

ಎಡ್ಮಂಡ್ ಥ್ರೇಲ್ ಕಾದ. ಹೇಳೀತು, ಚರ್ಚಿನ ತಿರುವಿನಲ್ಲಾದರೂ ಹೇಳೀತು. ಹತ್ತೊಂಬತ್ತು ವರ್ಷದಿಂದ ಇಂಗ್ಲೆಂಡಿನ ಇದೇ ನಾರ್ಫಕ್ ರಸ್ತೆಯಲ್ಲಿ ಯಾವ ಕಾರೂ ಅವನ ಅಂಗೈಗೆ ಸುಳ್ಳು ಹೇಳಿರಲಿಲ್ಲ. ಟೈರಿಗೆ ಒಂದು ಉಸಿರು ಗಾಳಿ ಹೆಚ್ಚು ಹೊಡೆದಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಇವತ್ತು ಮಂಜಿನೊಳಗಿಂದ ಸಕ್ಕರೆ ಬೀಟ್‌ಗೆಡ್ಡೆ ತುಂಬಿದ ಲಾರಿಯೊಂದು ಎದುರು ಬಂದು, ರಸ್ತೆಗೆಲ್ಲ ಕೆಸರು ಉದುರಿಸಿ ಹೋಯಿತು. ಅದರ ಮೇಲೆ ಹಿಂದಿನ ಚಕ್ರ ಜಾರಿತೇ? ಜಾರಿರಲೇಬೇಕು. ಅವನಿಗೆ ಅದು ಲೆಕ್ಕದಿಂದ ತಿಳಿಯಿತು, ಕೈಯಿಂದಲ್ಲ.

ಇದು ಕುರುಡು ಸುತ್ತು. ಮೆಕ್ಯಾನಿಕ್ ವಿಲ್ಫ್ ಷೆಡ್ಡಿನ ಬಾಗಿಲು ಹಾಕಿಕೊಂಡು ಕಾರಿನಲ್ಲಿ ಯಾವುದಾದರೂ ಒಂದನ್ನು ಬದಲಾಯಿಸುತ್ತಾನೆ. ಯಾವುದನ್ನು ಎಂದು ಬಾಯಿಬಿಡುವುದಿಲ್ಲ. ಎಡ್ಮಂಡ್ ಹನ್ನೊಂದು ಮೈಲಿ ಸುತ್ತಿ ಬಂದು ಅದನ್ನು ಹೇಳಬೇಕು. ಕೆಲವು ಸಲ ವಿಲ್ಫ್ ಏನನ್ನೂ ಮುಟ್ಟದೆ ಸುಮ್ಮನೆ ಬಾಗಿಲು ತೆರೆಯುವುದೂ ಉಂಟು. ಆಗ 'ಏನೂ ಬದಲಾಗಿಲ್ಲ' ಎನ್ನಲು ಎದೆಗಾರಿಕೆ ಬೇಕು.

ಕಂಪನಿಯಲ್ಲಿ ಅಳೆಯುವ ಯಂತ್ರಗಳು ರಾಶಿ ಬಿದ್ದಿದ್ದವು. ಆದರೂ ಕಾರಿನ ಹದಕ್ಕೆ, ಅದು ತಿರುವಿನಲ್ಲಿ ಹೇಗೆ ಹೊರಳಬೇಕು ಎಂಬುದಕ್ಕೆ, ಕೊನೆಯ ಮಾತು ಈ ಕೈಯದು. ಇವತ್ತು ನಾಲ್ಕು ಗಂಟೆಯೊಳಗೆ ಅವನು ಸಹಿ ಹಾಕಿದರೆ, ಅದೇ ಹದದಲ್ಲಿ ವರ್ಷಕ್ಕೆ ನಲವತ್ತು ಸಾವಿರ ಕಾರು ಕಾರ್ಖಾನೆಯಿಂದ ಹೊರಬೀಳುತ್ತವೆ. ಪುಟ್ಟ ಕಾರು, ಶಾಲೆಗೆ, ಅಂಗಡಿಗೆ, ಆಸ್ಪತ್ರೆಗೆ ಓಡಾಡುವವರದು. ಕೈ ಸತ್ತಿದೆ ಎಂದು ಮೇಲಿನವರಿಗೆ ಗೊತ್ತಾದರೆ ಎಡ್ಮಂಡ್ ಮೂರನೆಯ ಮಹಡಿಯಲ್ಲಿ ಕುಳಿತು ಬೇರೆಯವರು ಬರೆದ ವರದಿಯ ಕಾಗುಣಿತ ತಿದ್ದಬೇಕು. ಐವತ್ತೆರಡು ವರ್ಷದ ಈ ಎಂಜಿನಿಯರಿಗೆ ಬೇರೇನು ತಾನೇ ಬರುತ್ತಿತ್ತು?

ಷೆಡ್ಡಿನ ಮುಂದೆ ವಿಲ್ಫ್ ಎಣ್ಣೆಬಟ್ಟೆಯಲ್ಲಿ ಕೈ ಒರೆಸುತ್ತ ನಿಂತಿದ್ದ.

"ಏನ್ ದೊರೆ, ಏನಂತು ಗಾಡಿ?"

"ಹಿಂದ್ಗಡೆ ಸ್ಪ್ರಿಂಗ್ ಮೆತ್ತಗಾಗಿದೆ."

"ಹೂಂ."

"ಒಳ್ಳೇದೇ ಆಯ್ತು. ಹಾಗೇ ಇರ್ಲಿ."

"ಹೂಂ."

ಪೆನ್ಸಿಲು ವಿಲ್ಫನ ಕಿವಿಯಿಂದ ಇಳಿಯಲಿಲ್ಲ.

"ಬರ್ಕೊಳ್ಳಲ್ವಾ?"

"ಮೊದ್ಲು ಟೀ ಕುಡಿ. ಮುಖ ನೋಡು, ಬಿಳಿಚ್ಕೊಂಡಿದೆ."

ಟೀ ಕುಡಿದರು. ವಿಲ್ಫ್ ಚೀಸು, ಉಪ್ಪಿನಕಾಯಿ ಹಚ್ಚಿದ ಬ್ರೆಡ್ಡನ್ನು ಎರಡು ತುಂಡು ಮಾಡಿ ದೊಡ್ಡದನ್ನು ಇವನಿಗೆ ಕೊಟ್ಟ. ಹಾಗೆ ಅವನು ಎಂದೂ ಕೊಟ್ಟವನಲ್ಲ. ಎಡ್ಮಂಡ್‌ಗೆ ಒಳಗೊಳಗೇ ಅಳುಕು ಶುರುವಾಯಿತು.

"ಇವತ್ತು ಮಂಜು ಜಾಸ್ತಿ," ಎಂದ ವಿಲ್ಫ್.

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಏನ್ ವಿಷ್ಯ?"

"ನಾನು ಏನೂ ಮುಟ್ಟಿರ್ಲಿಲ್ಲ, ದೊರೆ."

ಎಡ್ಮಂಡ್ ನಕ್ಕ. ನಗು ಕೆಮ್ಮಾಗಿ ಬ್ರೆಡ್ಡಿನ ಚೂರು ಗಂಟಲಲ್ಲಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಫೋನ್ ಬಂತು, ಹೆಂಡತಿ ರೋವೆನಾ.

"ನಾಲ್ಕು ಗಂಟೆಗೆ ಗೇಟಿನ ಹತ್ರ ಬರ್ತೀನಿ. ನೆನಪಿದೆ ತಾನೇ? ಶೋರೂಮಿನೋರು ಐದಕ್ಕೇ ಬಾಗ್ಲು ಹಾಕ್ತಾರೆ. ಯಾವ ಕಾರು ಅಂತ ಯೋಚ್ನೆ ಮಾಡಿದ್ಯಾ?"

"ಯಾವ್ದಾದ್ರೂ ತಗೋ."

"ಅಯ್ಯೋ, ಕಾರಿನೋನೇ ಹೀಗಂದ್ರೆ ಹೇಗೆ! ಮೈಲೇಜು, ಡಿಕ್ಕಿ ಎಷ್ಟು ದೊಡ್ಡದು, ಅದೆಲ್ಲ ಬೇಡ ನಂಗೆ. ದಿನಾ ಓಡ್ಸೋದು. ಓಡ್ಸಿದ್ರೆ ಖುಷಿ ಆಗ್ಬೇಕು."

"ಈಗಿರೋದ್ರಲ್ಲಿ ಏನ್ ಕಮ್ಮಿ? ನಾನೇ ಹದ ಮಾಡಿದ್ದು."

"ಏನೂ ಕಮ್ಮಿ ಇಲ್ಲ. ಅದೇ ನಾನ್ ಹೇಳ್ತಿರೋದು."

"ಅಂದ್ರೆ?"

"ಬಾ, ತೋರಿಸ್ತೀನಿ. ಹೋಗ್ಲಿ, ಇಷ್ಟು ವರ್ಷದಲ್ಲಿ ನೀನ್ ಯಾವ ಕಾರಲ್ಲಿ ಖುಷಿಪಟ್ಟಿದ್ದೆ? ಅದನ್ನ ಹೇಳು, ಅದನ್ನೇ ತಗೊಳ್ಳೋಣ."

ಎಡ್ಮಂಡ್ ನೆನೆದ. ಇನ್ನೂರು ಕಾರುಗಳಾದರೂ ಆಗಿದ್ದವು. ಒಂದೊಂದರ ಟೈರಿನ ಅಳತೆಯೂ ನಾಲಗೆಯ ತುದಿಯಲ್ಲಿತ್ತು. "ಸಿಗ್ನಲ್ ಸರಿ ಇಲ್ಲ," ಎಂದು ಫೋನ್ ಇಟ್ಟ.

ಎರಡನೆಯ ಸುತ್ತಿಗೆ ವಿಲ್ಫ್ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಒಳಗಿದ್ದ. ಎಡ್ಮಂಡ್ ಈ ಸಲ ಹಲ್ಲು ಕಚ್ಚಿ ಹೊರಟ. ಕಿಟಕಿ ಇಳಿಸಿದ, ರೇಡಿಯೋ ಆರಿಸಿದ, ಕೈಗವಸು ಬಿಚ್ಚಿದ. ಮೊದಲನೆಯ ತಿರುವು, ಎರಡನೆಯದು. ಚಳಿಗೆ ಬೆರಳು ನೋಯುತ್ತಿತ್ತು. ಸದ್ಯ, ನೋವಾದರೂ ಇದೆಯಲ್ಲ ಎಂದುಕೊಂಡ.

ಆಮೇಲೆ ಕಣ್ಣೆದುರು ಷೆಡ್ಡು ಬಂತು.

ಅವನು ಗಡಿಯಾರ ನೋಡಿದ. ಹನ್ನೊಂದು ಮೈಲಿಗೆ ಎಷ್ಟು ಹೊತ್ತು ಹಿಡಿಯಬೇಕೋ ಅಷ್ಟೇ ಹಿಡಿದಿತ್ತು, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಾಜಿನ ಮೇಲೆ ಹೊಸ ಕೆಸರಿತ್ತು. ಚರ್ಚು ಬಂದದ್ದು ನೆನಪಿಲ್ಲ. ಸೇತುವೆ ನೆನಪಿಲ್ಲ. ನಡುವೆ ಕಾರು ಓಡಿಸಿದವರು ಯಾರು? ಅವನಿಗೆ ಭಯವಾಯಿತು, ಮಕ್ಕಳಿಗೆ ಆಗುವಂಥ ಅಪ್ಪಟ ಭಯ. ಪಕ್ಕದ ಸೀಟನ್ನು ಮುಟ್ಟಿ ನೋಡಿದ. ತಣ್ಣಗಿತ್ತು.

ಆದರೆ ಓದಿದವನ ಬುದ್ಧಿ ಎಲ್ಲಿಗೆ ಹೋದೀತು? ಕೆಳಗಿಳಿಯುವಷ್ಟರಲ್ಲಿ ಲೆಕ್ಕ ಹಾಕಿದ್ದ: ವಿಲ್ಫ್ ಹತ್ತು ನಿಮಿಷ ಸುಮ್ಮನೆ ಸದ್ದು ಮಾಡಿದ್ದಾನೆ, ಬೆಳಗಿನ ಆಟವನ್ನೇ ಮತ್ತೆ ಆಡಿದ್ದಾನೆ.

"ಏನೂ ಬದಲಾಗಿಲ್ಲ," ಎಂದ ದೃಢವಾಗಿ.

ವಿಲ್ಫ್ ಕುಕ್ಕರುಗಾಲಲ್ಲಿ ಕುಳಿತು ಎಡಗಡೆ ಹಿಂದಿನ ಟೈರಿಗೆ ಗಾಳಿ ಅಳೆಯುವ ಮೀಟರ್ ಹಿಡಿದ. ಮುಳ್ಳು ಅರ್ಧಕ್ಕೇ ನಿಂತಿತು.

"ಅರ್ಧ ಗಾಳಿ ಬಿಟ್ಟಿದ್ದೆ ಕಣೋ. ನಮ್ಮಜ್ಜಿ ಓಡ್ಸಿದ್ರೂ ಗೊತ್ತಾಗೋದು. ಅವಳು ಸತ್ತು ಮೂವತ್ತು ವರ್ಷ ಆಯ್ತು."

ಇಬ್ಬರೂ ಟೈರನ್ನೇ ನೋಡಿದರು.

"ಸಹಿ ಹಾಕ್ಬಿಡು," ಎಂದ ವಿಲ್ಫ್. "ಮಂಗಳವಾರ ನೀನ್ ಸರಿ ಅಂದಿದ್ದ ಹದ ಚೆನ್ನಾಗೇ ಇದೆ. ನಾನ್ ಯಾರಿಗೂ ಹೇಳಲ್ಲ."

"ಮಂಗಳವಾರ ನನ್ ಕೈ ಸರಿ ಇತ್ತಾ?"

ವಿಲ್ಫ್ ಎಣ್ಣೆಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ.

"ವಿಲ್ಫ್. ಎಷ್ಟು ದಿನದಿಂದ?"

"ದಿನ ಅಲ್ಲ."

"ಮತ್ತೆ?"

"ಏಳು ವರ್ಷ. ಹೋದ ಮಾದರಿ ಶುರುವಾದಾಗಿಂದ. ನೀನ್ ಏನೋ ಒಂದ್ ಹೇಳ್ತಿದ್ದೆ, ನಾನ್ ಹೂಂ ಅಂತಿದ್ದೆ. ಪಾಪ, ಹೇಗ್ ಹೇಳ್ಲಿ?"

"ಅಂದ್ರೆ ನೀನೇ ಹದ ಮಾಡ್ತಿದ್ಯಾ?"

"ನನ್ಗೆಲ್ಲಿ ಬರುತ್ತೆ ಅದು! ನೀನ್ ಹೇಳಿದ್ದನ್ನೂ ಮಾಡ್ಲಿಲ್ಲ, ನಾನೂ ಏನೂ ಮಾಡ್ಲಿಲ್ಲ. ಪ್ರತಿ ಸಲ ಬೆಳಗ್ಗೆ ಬಂದು ನೋಡಿದ್ರೆ ಸರಿಯಾಗೇ ಇರೋದು."

"ಹಾಗಾದ್ರೆ ಈ ಹದ ಯಾರ್ದು?"

"ಯಾರ್ದೋ. ಜನಕ್ಕೆ ಹಿಡ್ಸಿದೆಯಲ್ಲ, ಬಿಡು."

ಎಡ್ಮಂಡ್ ಒಪ್ಪಿಗೆಯ ಕಾಗದಗಳನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ನೋಡಿದ. ಸಹಿ ಹಾಕದಿದ್ದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಏಳು ವರ್ಷ ಹೇಳಬೇಕು. ಅವನು ಮೂರು ಪ್ರತಿಗೂ ಸಹಿ ಹಾಕಿದ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು, ಅದಕ್ಕೆ ಮತ್ತೆ ನಾಚಿಕೆಯಾಯಿತು. ವಿಲ್ಫ್ ಹಾಳೆಗಳನ್ನು ಬಾಚಿಕೊಂಡು ಆಫೀಸಿನ ಕಡೆ ಓಡಿದ.

ನಾಲ್ಕಕ್ಕೆ ಗೇಟಿನಲ್ಲಿ ರೋವೆನಾ ಬಂದಳು. ಅವಳದು ಹೋದ ಮಾದರಿಯ ನೀಲಿ ಕಾರು. ತಾನೇ ಓಡುವ ಯಂತ್ರ ಗಿಂತ್ರ ಏನೂ ಇಲ್ಲದ ಹಳೆಯ ಬಡಪಾಯಿ. ಕಾರ್ಖಾನೆಯ ಪಾಳಿ ಆಗಷ್ಟೇ ಬಿಟ್ಟಿತ್ತು. ಕೆಲಸಗಾರರ ಕಾರುಗಳು ಸಾಲುಗಟ್ಟಿ ಮಂಜಿನೊಳಕ್ಕೆ ಇಳಿಯುತ್ತಿದ್ದವು.

"ಏನಾಯ್ತು ನಿಂಗೆ?"

"ಏನಿಲ್ಲ. ಹೊರಡು."

ಗೇಟು ದಾಟಿದ ಕೂಡಲೇ ರಸ್ತೆ ಬಲಕ್ಕೆ ಹೊರಳುತ್ತದೆ. ರೋವೆನಾ ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಏಯ್! ಏನ್ ಮಾಡ್ತಿದ್ದೀಯಾ? ಹಿಡ್ಕೋ!"

"ತೋರಿಸ್ತೀನಿ ಅಂದ್ನಲ್ಲ. ನೋಡು."

ಸ್ಟೀರಿಂಗ್ ಬಲಕ್ಕೆ ಹೊರಳಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಕಾರು ತಿರುವು ಮುಗಿಸಿತು. ಎದುರಿಗೆ ಬಂದ ಸೈಕಲ್ಲಿನವನಿಗೆ ಮರ್ಯಾದೆಯಿಂದ ಜಾಗ ಬಿಟ್ಟು, ಮತ್ತೆ ತನ್ನ ಸಾಲಿಗೆ ಬಂತು.

"ತಂದ ದಿನದಿಂದ ಹೀಗೇ," ಎಂದಳು. "ನೀನೇ ಹದ ಮಾಡಿದ್ದಲ್ವಾ, ಗೊತ್ತಿರತ್ತೆ ಅಂದ್ಕೊಂಡಿದ್ದೆ. ಮೊದಮೊದ್ಲು ಹೆದ್ರಿಕೆ ಆಗೋದು. ಈಗ ಬೇಜಾರು, ಅಷ್ಟೇ."

ಎಡ್ಮಂಡ್ ಕಿಟಕಿಗೆ ತಿರುಗಿದ. ಪಕ್ಕದ ಸಾಲಿನಲ್ಲಿ ಅದೇ ಮಾದರಿಯ ಕಾರುಗಳು ತಿರುವನ್ನು ಒಂದೇ ಅಳತೆಯಲ್ಲಿ ಹೊರಳುತ್ತಿದ್ದವು. ಒಬ್ಬಳು ಎರಡೂ ಕೈಯಲ್ಲಿ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಒಬ್ಬ ಕಿತ್ತಳೆ ಸುಲಿಯುತ್ತಿದ್ದ. ಒಬ್ಬ ಮುದುಕ ಕೈ ಕಟ್ಟಿಕೊಂಡು, ಬಾಯಿ ತುಸು ತೆರೆದು, ನೇರ ಮುಂದಕ್ಕೆ ನೋಡುತ್ತಿದ್ದ. ಸ್ಟೀರಿಂಗ್ ಹಿಡಿದ ಒಂದಾದರೂ ಕೈ ಕಂಡೀತೇ ಎಂದು ಅವನು ಕೊನೆಯ ಕಾರಿನವರೆಗೂ ಹುಡುಕಿದ.

"ಎಡ್, ಹೇಳು. ಯಾವ್ದು ತಗೊಳ್ಳೋಣ?"

ಮುಂದೆ ಇನ್ನೊಂದು ತಿರುವು ಬರುತ್ತಿತ್ತು. ಅವನು ಹೆಂಡತಿಯ ಮಡಿಲಿನ ಮೇಲಿಂದ ಕೈ ಚಾಚಿದ. ಅವನ ಬೆರಳು ತಾಗುವ ಮೊದಲೇ ಸ್ಟೀರಿಂಗ್ ಎಡಕ್ಕೆ ತಿರುಗಿತು, ಎಷ್ಟು ಬೇಕೋ ಅಷ್ಟು.