ಭಾಷೆ ಬರುವುದಿಲ್ಲ

“ನಿನ್ನ ಮನೆ ಎಲ್ಲಿದೆ ಪುಟ್ಟಿ?”

ಶಾಲೆಯ ಗೇಟಿನ ಬಳಿ ಮೇಜು ಹಾಕಿಕೊಂಡು ಕುಳಿತಿದ್ದ ಸಮವಸ್ತ್ರದವನು ಕಾಗದಗಳನ್ನು ತಿರುವಿಹಾಕುತ್ತಲೇ ಕೇಳಿದ. ಕೇಳಿದ್ದು ಮಗಳನ್ನು. ತಾಯಿ ಮಸ್ತೂರಾಳಿಗೆ ಅರಿವಿಲ್ಲದೆಯೇ ಅವಳ ಕೈ ಮಗಳ ಬೆರಳುಗಳನ್ನು ಎರಡು ಸಲ ಅಮುಕಿತು. ಏಳು ವರ್ಷದ ಪರ್ವೋನಾ ತೆರೆದಿದ್ದ ಬಾಯನ್ನು ಮುಚ್ಚಿಕೊಂಡು, ತನ್ನ ಬೂಟಿನ ತುದಿ ನೋಡುತ್ತ ನಿಂತುಬಿಟ್ಟಳು.

“ಸದೋವಯಾ ಬೀದಿ ಸಾರ್, ಹದಿನಾಲ್ಕನೇ ನಂಬರು,” ಎಂದು ಮಸ್ತೂರಾ ತಾನೇ ಹೇಳಿದಳು. ಗಿಣಿಪಾಠದಂತೆ ಉರು ಹೊಡೆದದ್ದು, ತಡವರಿಸದೆ ಬಂತು.

“ನಿನ್ನನ್ನ ಕೇಳಿದ್ನಾ ನಾನು?” ಅವನಿಗೆ ಕೋಪವೇನೂ ಬಂದಿರಲಿಲ್ಲ. ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಅಂಗೈಗೆ ಉಗುಳಿಕೊಂಡು ನಕ್ಕ. “ಮಗು ಚೂಟಿಯಾಗಿ ಕಾಣ್ತು, ಮಾತಾಡಿಸ್ದೆ ಅಷ್ಟೆ. ಹೋಗು, ಎರಡನೇ ಮಹಡಿ. ಇವತ್ತು ಅಲ್ಲಿ ಇರೋರೆಲ್ಲ ನಿಮ್ಮೋರೇ.”

ಸದೋವಯಾ ಬೀದಿಯ ಹದಿನಾಲ್ಕನೇ ನಂಬರು ಒಂದೇ ಕೋಣೆಯ ಮನೆ. ಸರ್ಕಾರಿ ಕಾಗದದ ಪ್ರಕಾರ ಅಲ್ಲಿ ಇಪ್ಪತ್ಮೂರು ಜನ ವಾಸವಾಗಿದ್ದಾರೆ. ನಿಜಕ್ಕೂ ಇರುವವರು ಒಬ್ಬ ಕಿವುಡ ಮುದುಕ ಮತ್ತು ಅವನ ಬೆಕ್ಕು. ಮಸ್ತೂರಾ, ಅವಳ ಗಂಡ ಫೈಜಾಲಿ, ಮಗಳು, ಮೂವರೂ ಮಲಗಿ ಏಳುವುದು ಊರಿನ ಇನ್ನೊಂದು ತುದಿಯಲ್ಲಿ, ತರಕಾರಿ ಗೋದಾಮಿನ ಮೇಲಿನ ಕೋಣೆಯಲ್ಲಿ. ಗೋದಾಮಿನ ಮೇಲೆ ಮನುಷ್ಯರು ವಾಸಿಸುವಂತಿಲ್ಲ, ಆದ್ದರಿಂದ ಅಲ್ಲಿ ಯಾರೂ ವಾಸವಿಲ್ಲ. ತಜಿಕಿಸ್ತಾನದಿಂದ ರಷ್ಯಕ್ಕೆ ದುಡಿಯಲು ಬಂದ ಮೂವತ್ತು ಸಂಸಾರಗಳು ಹೀಗೆ ಇಲ್ಲದೆಯೇ ಅಲ್ಲಿ ಇದ್ದವು.

ಹೋದ ಚಳಿಗಾಲದಲ್ಲಿ ಪಕ್ಕದ ಕೋಣೆಯ ಐದು ವರ್ಷದ ಹುಡುಗ ಬಸ್ಸಿನಲ್ಲಿ ಒಬ್ಬ ಪೊಲೀಸಿನವನ ಜೊತೆ ಮಾತಿಗಿಳಿದಿದ್ದ. ನಮ್ಮನೆ ಕೆಳಗೆ ಆಲೂಗಡ್ಡೆ ಬೆಟ್ಟ ಇದೆ ಗೊತ್ತಾ, ಎಂದು ಜಂಬ ಕೊಚ್ಚಿಕೊಂಡಿದ್ದ. ಪೊಲೀಸಿನವನು ಅವನ ಕೆನ್ನೆ ಚಿವುಟಿ, ಹೌದಾ, ಎಲ್ಲಪ್ಪಾ ಅದು, ಎಂದು ಕೇಳಿದ್ದ. ವಾರ ಕಳೆಯುವುದರೊಳಗೆ ಆ ಮನೆಯವರನ್ನೆಲ್ಲ ವಿಮಾನ ಹತ್ತಿಸಿದರು. ಐದು ವರ್ಷ ರಷ್ಯದ ಕಡೆ ತಲೆ ಹಾಕುವಂತಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಆ ಗೋದಾಮಿನ ಮೇಲೆ ನಡೆಯುವುದಿಲ್ಲ.

ಅಂದಿನಿಂದ ಮಸ್ತೂರಾ ಮಗಳಿಗೆ ಒಂದು ಪಾಠ ಕಲಿಸಿದಳು. ಸಮವಸ್ತ್ರದವರು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಎದುರು ಬಂದರೆ ಅಮ್ಮ ಕೈಯನ್ನು ಎರಡು ಸಲ ಅಮುಕುತ್ತಾಳೆ. ಅಷ್ಟಾದರೆ ಪರ್ವೋನಾಗೆ ಬಾಯಿಲ್ಲ. ಅಮ್ಮ ಮತ್ತೆ ಒಂದು ಸಲ ಅಮುಕಿದ ಮೇಲೆಯೇ ಬಾಯಿ ವಾಪಸ್ಸು ಬರುವುದು. ಮಗು ಇದನ್ನು ಆಟವೆಂದೇ ಕಲಿತಿತು, ಒಂದು ದಿನವೂ ಸೋಲಲಿಲ್ಲ. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ತಪಾಸಣೆಯವಳು ಹತ್ತು ನಿಮಿಷ ಗದರಿಸಿ ಕೇಳಿದರೂ ತುಟಿ ಪಿಟಕ್ಕೆನ್ನಲಿಲ್ಲ. ಅವತ್ತು ಮಸ್ತೂರಾ ಮಗಳನ್ನು ಎತ್ತಿ ಮುದ್ದಾಡಿದ್ದಳು.

ಹಾಗೆಂದು ಪರ್ವೋನಾಗೆ ರಷ್ಯನ್ ಬರುವುದಿಲ್ಲವೆಂದಲ್ಲ. ಅವಳು ಹುಟ್ಟಿದ್ದೇ ಈ ಊರಿನ ಆಸ್ಪತ್ರೆಯಲ್ಲಿ. ಅಪ್ಪ ಅಮ್ಮನ ರಷ್ಯನ್ನನ್ನು ತಿದ್ದುವವಳು, ಅಂಗಡಿಯಲ್ಲಿ ಅಮ್ಮನ ಪರವಾಗಿ ಚೌಕಾಸಿ ಮಾಡುವವಳು ಅವಳೇ. ನಿದ್ದೆಯಲ್ಲಿ ಬಡಬಡಿಸುವುದು ಕೂಡ ರಷ್ಯನ್ನಿನಲ್ಲಿ. ಆದರೂ ಈಗ ಹೊರದೇಶದವರ ಮಕ್ಕಳು ಶಾಲೆಗೆ ಸೇರಬೇಕಾದರೆ ಮೊದಲು ಭಾಷೆಯ ಪರೀಕ್ಷೆ ಕೊಡಬೇಕು. ಅದರಲ್ಲಿ ಸೋತರೆ ಈ ವರ್ಷ ಶಾಲೆಯಿಲ್ಲ. ಶಾಲೆಯಿಲ್ಲದ ಮಗುವನ್ನು ಇನ್ನೊಂದು ವರ್ಷ ಗೋದಾಮಿನ ಮೇಲೆ ಬೀಗ ಹಾಕಿ ಕೂರಿಸುವುದು ಫೈಜಾಲಿಗೆ ಇಷ್ಟವಿರಲಿಲ್ಲ.

“ಸೀಟು ಸಿಗದಿದ್ರೆ ಊರಿಗೆ ಕಳಿಸ್ಬಿಡೋಣ, ನಮ್ಮಮ್ಮನ ಹತ್ರ,” ಎಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೇಳಿದ್ದ. “ಅಲ್ಲಾದ್ರೂ ನಾಲ್ಕು ಅಕ್ಷರ ಕಲೀಲಿ. ಅಳಬೇಡ, ನನಗೇನು ಆಸೇನಾ?”

“ಸಿಗತ್ತೆ,” ಎಂದಿದ್ದಳು ಮಸ್ತೂರಾ. “ಅವಳ ಬಾಯಿ ನಿಮಗೆ ಗೊತ್ತಿಲ್ವಾ?”

ಎರಡನೇ ಮಹಡಿಯ ಮೊಗಸಾಲೆಯಲ್ಲಿ ಎಲ್ಲರೂ ನೆಲ ಕೊಳೆಯಾಗದಂತೆ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕುಳಿತಿದ್ದರು. ಕಿಟಕಿಯಿಂದ ಅಂಗಳದ ಪೋಪ್ಲಾರ್ ಮರದ ಹತ್ತಿಯಂಥ ಬೀಜ ಒಳಗೆ ಹಾರಿ ಬಂದು ನೆಲದಲ್ಲಿ ಉರುಳಾಡುತ್ತಿತ್ತು. ಗೋಡೆಯ ಮೇಲೆ ‘ನಮ್ಮ ಭಾಷೆ, ನಮ್ಮ ಮನೆ’ ಎಂಬ ದೊಡ್ಡ ಬರಹ. ಅದರ ಕೆಳಗೆ ಬರ್ಚ್ ಮರಗಳ ನಡುವೆ ಹೊಂಬಣ್ಣದ ಜಡೆಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ನಗುತ್ತಿದ್ದಳು. ಪರ್ವೋನಾ ಆ ಬರಹದ ಅಕ್ಷರಗಳನ್ನು ಕಣ್ಣಿನಲ್ಲೇ ಕೂಡಿಸಿ ಓದುತ್ತಿರುವುದು ತಾಯಿಗೆ ಕಂಡಿತು.

ಹೆಸರು ಕೂಗಿದಾಗ ಮಸ್ತೂರಾ ಮಗಳ ಜಡೆ ಸರಿಮಾಡಿ, “ಹೋಗು ಕಂದಾ, ಕೇಳಿದ್ದಕ್ಕೆಲ್ಲ ಚೆನ್ನಾಗಿ ಹೇಳು,” ಎಂದಳು. ಮಗು ತಾಯಿಯ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡೇ ನಿಂತಿತು. ಏನನ್ನೋ ಕಾಯುವಂತಿತ್ತು. “ಹೋಗು, ಹೋಗು, ಕರೀತಿದಾರೆ,” ಎಂದು ಮಸ್ತೂರಾ ಬೆನ್ನು ತಟ್ಟಿ ದೂಡಿದಳು. ಬಾಗಿಲು ಮುಚ್ಚಿತು.

“ನಡುಗ್ತಿದೀಯಲ್ಲೇ ಅಕ್ಕ,” ಎಂದಳು ಪಕ್ಕದಲ್ಲಿ ಕುಳಿತಿದ್ದ ಕಿರ್ಗಿಸ್ತಾನದ ಹೆಂಗಸು. ಬುರುಲ್ ಅವಳ ಹೆಸರು, ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಅವಳ ಮಗ ತಿಲೆಕ್ ಆಗಲೇ ಪರೀಕ್ಷೆ ಮುಗಿಸಿ ಅಂಗಳಕ್ಕೆ ಓಡಿದ್ದ. ಅವಳು ಫಲಿತಾಂಶದ ಕಾಗದಕ್ಕಾಗಿ ಕಾಯುತ್ತಿದ್ದಳು. “ಈ ಪರೀಕ್ಷೆಯ ಮಾದರಿ ಪ್ರಶ್ನೆಗಳನ್ನ ಮೊನ್ನೆ ನಮ್ಮ ಮಾಲೀಕನ ಮಗನಿಗೇ ಕೇಳ್ದೆ ಕಣೆ. ಅಪ್ಪಟ ರಷ್ಯದವನು, ಮೂಗಿನ ತುದೀವರೆಗೂ. ಅರ್ಧ ತಪ್ಪು ಹೇಳ್ದ. ಈಗ ಅವನನ್ನ ಯಾವ ದೇಶಕ್ಕೆ ಓಡಿಸ್ತಾರೋ ನೋಡ್ಬೇಕು.”

ಮಸ್ತೂರಾಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು.

“ನಿನ್ನ ಮಗಳು ಬಿಡು, ಬಂಗಾರ,” ಎಂದು ಬುರುಲ್ ಮುಂದುವರಿಸಿದಳು. “ನಮ್ಮೋನು ಬಾಯಿ ಬಿಟ್ರೆ ಮುಚ್ಚಲ್ಲ. ಒಳಗೆ ಹೋಗಿ ಮೀನಿನ ರೇಟೆಲ್ಲಾ ಹೇಳಿ ಬಂದಿದಾನಂತೆ. ಈ ಮಗು ಬಂದಾಗಿಂದ ಒಂದು ಮಾತಾಡಿಲ್ಲ. ಕ್ಯಾಂಡಿ ಕೊಟ್ಟು ಹೆಸರೇನು ಅಂತ ಕೇಳಿದ್ರೂ ಗಪ್‌ಚುಪ್.”

ಮಸ್ತೂರಾಳ ನಗು ಅಲ್ಲೇ ನಿಂತುಹೋಯಿತು. ಗೇಟಿನಲ್ಲಿ ಎರಡು ಸಲ ಅಮುಕಿದ್ದು ನೆನಪಾಯಿತು. ಆಮೇಲೆ ಒಂದು ಸಲ ಅಮುಕಿದ್ದು ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಮೆಟ್ಟಿಲ ಮೇಲೆ ಇಲ್ಲ, ಬೂಟಿಗೆ ಚೀಲ ಹಾಕುವಾಗ ಇಲ್ಲ, ಬಾಗಿಲ ಬಳಿ ಮಗು ಕೈ ಹಿಡಿದು ನಿಂತಾಗಲೂ ಇಲ್ಲ.

ಅವಳು ಎದ್ದು ಬಾಗಿಲು ತಟ್ಟಿದಳು. ಸಹಾಯಕಿಯೊಬ್ಬಳು ಬಾಗಿಲನ್ನು ಗೇಣು ತೆರೆದು, “ಏನು?” ಎಂದಳು.

“ಒಂದ್ನಿಮಿಷ ಮಗೂನ ಮುಟ್ಬೇಕಿತ್ತು. ಕೈ ಮುಟ್ಟಿ ಬಂದ್ಬಿಡ್ತೀನಿ.”

“ಕೈ ಮುಟ್ಟೋದಾ? ರೆಕಾರ್ಡಿಂಗ್ ಆಗ್ತಿದೆ ಕಣಮ್ಮ. ಕೂತ್ಕೋ.”

ಬಾಗಿಲು ಮುಚ್ಚುವ ಮುನ್ನ ಆ ಸಂದಿಯಲ್ಲಿ ಮಗಳು ಕಂಡಳು. ಮೂರು ಜನ ದೊಡ್ಡವರ ಎದುರು ಪುಟ್ಟ ಕುರ್ಚಿ, ಮೂವರ ಕೊರಳಲ್ಲೂ ಗುರುತಿನ ಚೀಟಿ. ಮಗು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನೆಟ್ಟಗೆ ಕುಳಿತಿತ್ತು.

ಕಾಲು ಗಂಟೆಯ ಮೇಲೆ ಅವಳನ್ನು ಒಳಗೆ ಕರೆದರು. ಪರೀಕ್ಷೆಯ ಮುಖ್ಯಸ್ಥೆ ಅಗ್ನಿಯಾ ಲ್ವೋವ್ನಾ ಎಂಬ ಹಿರಿಯ ಟೀಚರು. ಉಳಿದವರು ಚಹಾಕ್ಕೆಂದು ಹೊರಗೆ ಹೋಗಿದ್ದರು. ಮೇಜಿನ ಮೇಲೆ ಮುಳ್ಳುಹಂದಿ, ಸೇಬಿನ ಗಿಡ, ಚಕ್ಕಡಿಯಲ್ಲಿ ಕುಳಿತ ಅಜ್ಜಿಯ ಚಿತ್ರಗಳು ಹರಡಿದ್ದವು.

“ಕೂತ್ಕೊಳ್ಳಿ,” ಎಂದರು ಟೀಚರು. ಈ ಊರಿನಲ್ಲಿ ಮಸ್ತೂರಾಳನ್ನು ಬಹುವಚನದಲ್ಲಿ ಮಾತನಾಡಿಸುವವರು ಬೆರಳೆಣಿಕೆಯಷ್ಟು. ಅವಳಿಗೆ ಅದರಿಂದ ಇನ್ನೂ ಭಯವಾಯಿತು. “ನಿಮ್ಮ ಮಗಳು ಒಂದೇ ಒಂದು ಮಾತಾಡಲಿಲ್ಲ. ಹೆಸರು ಕೂಡ ಹೇಳಲಿಲ್ಲ.”

“ನಾಚಿಕೆ ಮೇಡಂ.”

“ನಾಚಿಕೆ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ. ಎರಡೇ ಕಾಲಂ. ಭಾಷೆ ಬರುತ್ತೆ, ಭಾಷೆ ಬರುವುದಿಲ್ಲ.” ಅವರು ಚಷ್ಮಾ ತೆಗೆದು ಕಣ್ಣುಜ್ಜಿಕೊಂಡರು. “ಆದ್ರೆ ನನಗೆ ಸಮಾಧಾನ ಇಲ್ಲ. ಕಿಟಕಿ ಹಾಕ್ಬಿಡು ಅಂದೆ, ಎದ್ದು ಹೋಗಿ ಹಾಕಿದ್ಳು. ಮುಳ್ಳುಹಂದಿ ಕ್ಷೌರಕ್ಕೆ ಹೋದ ತಮಾಷೆ ಹೇಳ್ದೆ, ಕೆನ್ನೆ ಕಚ್ಚಿಕೊಂಡು ನಗು ತಡೆದ್ಳು. ಮೂವತ್ನಾಲ್ಕು ವರ್ಷ ಮಕ್ಕಳ ಜೊತೆ ಇದ್ದೀನಿ. ಭಾಷೆ ಬರದ ಮಗು ಆ ತಮಾಷೆಗೆ ನಗಲ್ಲ.”

ಮಸ್ತೂರಾ ಮಗಳ ಕಡೆ ನೋಡಿದಳು. ಪರ್ವೋನಾ ತಾಯಿಯ ಕೈಯನ್ನೇ ನೋಡುತ್ತಿದ್ದಳು.

“ಮಾತಾಡ್ಬೇಡ ಅಂತ ಯಾರಾದ್ರೂ ಹೇಳ್ಕೊಟ್ಟಿದಾರಾ?” ಟೀಚರು ದನಿ ತಗ್ಗಿಸಿದರು. “ಹಾಗಿದ್ರೆ ಹೇಳಿ. ಯಾರು, ಯಾಕೆ ಅಂತ ಕಾರಣ ಬರೆದು ಸಹಿ ಹಾಕಿಸ್ಕೊಂಡ್ರೆ ಇವತ್ತೇ ಇನ್ನೊಂದು ಸಲ ಕೂರಿಸಬಹುದು.”

ಎಷ್ಟು ಸುಲಭವಾಗಿತ್ತು. ಕೈ ಚಾಚಿ ಒಂದು ಸಲ ಅಮುಕಿದರೆ ಮಗು ಆ ಸೇಬಿನ ಗಿಡದ ಮೇಲೆ ಅರ್ಧ ಗಂಟೆ ಭಾಷಣ ಮಾಡುತ್ತಿತ್ತು. ಶಾಲೆ ಶುರುವಾಗುವ ಸೆಪ್ಟೆಂಬರ್ ಒಂದಕ್ಕೆ ಬಿಳಿ ರಿಬ್ಬನ್ ಕಟ್ಟಿ, ಕೈಗೆ ಹೂಗುಚ್ಛ ಕೊಟ್ಟು, ಇದೇ ಗೇಟಿನವರೆಗೆ ಕರೆತರಬಹುದಿತ್ತು. ಮಸ್ತೂರಾ ಬಾಯಿ ತೆರೆದಳು.

ಅಷ್ಟರಲ್ಲಿ ಬಾಗಿಲಲ್ಲಿ ಗೇಟಿನವನು ಕಾಣಿಸಿಕೊಂಡ. ಇವತ್ತು ಬಂದವರ ಪಟ್ಟಿ ಅವನ ಕೈಯಲ್ಲಿತ್ತು.

“ಏನಂತೆ ಅಗ್ನಿಯಾ ಲ್ವೋವ್ನಾ, ಇನ್ನೂ ಮುಗೀಲಿಲ್ವಾ?” ಎಂದು ಚೌಕಟ್ಟಿಗೆ ಒರಗಿ ನಿಂತ. ಪರ್ವೋನಾಳನ್ನು ನೋಡಿ ಕಣ್ಣು ಮಿಟುಕಿಸಿದ. “ಏನು ಪುಟ್ಟಿ, ಇಲ್ಲೂ ಬಾಯಿ ಬಿಡಲಿಲ್ವಾ? ಯಾಕೆ?”

“ಅದನ್ನೇ ಕೇಳ್ತಿದೀನಿ,” ಎಂದರು ಟೀಚರು.

“ಸರಿ, ಕೇಳಿ. ನಾನೂ ಕೇಳಿಸ್ಕೊಳ್ತೀನಿ.”

ಯಾರು, ಯಾಕೆ. ಯಾರು ಎನ್ನುವುದನ್ನು ಹೇಳಬಹುದು. ಯಾಕೆ ಎಂದರೆ? ಮನೆ ಎಲ್ಲಿ ಎಂದು ಕೇಳಿದರೆ ಹೇಳಬಾರದೆಂದು. ಯಾಕೆ ಹೇಳಬಾರದು? ಆ ಯಾಕೆಯ ಹಿಂದೆ ಆಲೂಗಡ್ಡೆ ಬೆಟ್ಟವಿತ್ತು, ಅದರ ಮೇಲೆ ಮೂವತ್ತು ಸಂಸಾರಗಳಿದ್ದವು. ಮಸ್ತೂರಾಗೆ ಒಂದು ಸುಳ್ಳು ಬೇಕಾಗಿತ್ತು, ಆದರೆ ಅವನ ಮುಖ ನೋಡಿದಾಗ ಬೇರೆ ಯಾವ ಸುಳ್ಳೂ ಹೊಳೆಯಲಿಲ್ಲ. ಹೊಳೆದದ್ದು ಅತ್ಯಂತ ಹತ್ತಿರದ್ದು, ಮೇಜಿನ ಮೇಲಿನ ಕಾಗದದಲ್ಲಿ ಅಚ್ಚಾಗಿದ್ದದ್ದು.

“ಇಲ್ಲ ಮೇಡಂ,” ಎಂದಳು. “ಯಾರೂ ಹೇಳ್ಕೊಟ್ಟಿಲ್ಲ. ಅವಳಿಗೆ ರಷ್ಯನ್ ಬರಲ್ಲ. ಮನೇಲಿ ನಾವು ನಮ್ಮ ಭಾಷೆ ಮಾತಾಡೋದು.”

ಪರ್ವೋನಾ ತಲೆ ಎತ್ತಿದಳು. ಮಾತು ಮಾತ್ರ ಹೊರಡಲಿಲ್ಲ. ಆ ಮಗು ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಕಲಿತಿತ್ತು. ಮಸ್ತೂರಾಗೆ ಅವಳ ಎದುರು ಅಲ್ಲೇ ಸತ್ತುಹೋಗಬೇಕೆನಿಸಿತು.

ಅಗ್ನಿಯಾ ಲ್ವೋವ್ನಾ ಬಾಗಿಲ ಕಡೆ ನೋಡಿದರು, ತಾಯಿಯ ಕಡೆ ನೋಡಿದರು. ಎರಡನೇ ಕಾಲಂನಲ್ಲಿ ಗುರುತು ಹಾಕಿ ಕಾಗದವನ್ನು ಮುಂದೆ ಸರಿಸಿದರು. “ಮೂರು ತಿಂಗಳಾದ ಮೇಲೆ ಮತ್ತೆ ಬರಬಹುದು,” ಎಂದರು. ಮೂರು ತಿಂಗಳಲ್ಲಿ ಶಾಲೆ ತುಂಬಿಹೋಗಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಮಸ್ತೂರಾ ಸಹಿ ಹಾಕಿದಳು.

ಮೆಟ್ಟಿಲಿಳಿಯುವಾಗ ಅವಳು ಮಗಳ ಕೈಯನ್ನು ಒಂದು ಸಲ ಅಮುಕಿದಳು. ಅಂಗಳಕ್ಕೆ ಬಂದ ಮೇಲೆ ಪರ್ವೋನಾ, “ನಂಗೆ ಬರತ್ತೆ,” ಎಂದಳು, ಅಷ್ಟೆ.

“ಗೊತ್ತು ಕಂದಾ.”

“ಮತ್ಯಾಕೆ ಬರಲ್ಲ ಅಂದೆ?”

ಅಷ್ಟರಲ್ಲಿ ತಿಲೆಕ್ ಅಂಗಳದ ಆ ತುದಿಯಿಂದ ಕೈ ಬೀಸಿದ. ಬೇಸಿಗೆ ಶಿಬಿರಕ್ಕೆ ಬಂದಿದ್ದ ನಾಲ್ಕಾರು ಮಕ್ಕಳು ಅವನ ಜೊತೆಗಿದ್ದರು. ಕಣ್ಣುಮುಚ್ಚಾಲೆಗೆ ಒಬ್ಬರು ಕಮ್ಮಿಯಂತೆ. ಪರ್ವೋನಾ ತಾಯಿಯನ್ನು ಕೇಳದೆ ಕೈ ಬಿಡಿಸಿಕೊಂಡು ಓಡಿದಳು. ಮಸ್ತೂರಾ ಫೋನು ತೆಗೆದು ಫೈಜಾಲಿಯ ಹೆಸರು ನೋಡುತ್ತ ನಿಂತಳು. ಏನೆಂದು ಹೇಳುವುದು? ಅಜ್ಜಿಯ ಊರಿಗೆ ಯಾವತ್ತಿನ ವಿಮಾನ ಎಂದು ಕೇಳುವುದೇ?

“ಒಂದು! ಎರಡು!”

ಪೋಪ್ಲಾರ್ ಮರಕ್ಕೆ ಮುಖ ಒತ್ತಿ ಪರ್ವೋನಾ ಎಣಿಸುತ್ತಿದ್ದಳು. ಅಪ್ಪಟ ರಷ್ಯನ್ನಿನಲ್ಲಿ, ಬೆಳಗಿನಿಂದ ಕಟ್ಟಿಹಾಕಿದ್ದ ದನಿಯನ್ನೆಲ್ಲ ಬಿಚ್ಚಿ. “ಹತ್ತು ಎಣಿಸ್ತೀನಿ, ಬೇಗ ಬಚ್ಚಿಟ್ಕೊಳ್ಳಿ, ಆಮೇಲೆ ಅಳಬೇಡಿ ಹೇಳಿದೀನಿ! ಮೂರು! ನಾಲ್ಕು!”

ಎರಡನೇ ಮಹಡಿಯ ಕಿಟಕಿಯೊಂದು ತೆರೆದುಕೊಂಡಿತು. ಗೇಟಿನ ಕಡೆಯಿಂದ ಬೂಟಿನ ಸದ್ದು ಬರುತ್ತಿತ್ತು. ಮಸ್ತೂರಾ ಓಡಿದಳು. ಹಿಂದಿನಿಂದ ಮಗಳನ್ನು ಬಾಚಿ ತಬ್ಬಿ, ಅವಳ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿದಳು. ಅಂಗಳ ನಿಶ್ಶಬ್ದವಾಯಿತು. ಮಕ್ಕಳೆಲ್ಲ ಅಡಗಿಕೊಂಡಿದ್ದರು, ಒಬ್ಬರೂ ಹೊರಗೆ ಬರಲಿಲ್ಲ. ಅವಳ ಅಂಗೈಯೊಳಗೆ ಮಗಳ ಬಿಸಿಯುಸಿರು ತಾಗುತ್ತಿತ್ತು, ತುಟಿಗಳು ನಿಲ್ಲದೆ ಆಡುತ್ತಿದ್ದವು. ಏಳು, ಎಂಟು, ಒಂಬತ್ತು.