ನೀಲಗಂಗಾ ಕೊಟ್ಟ ಉತ್ತರ

ಕಮಲಾಪುರದ ದೌಲಪ್ಪನಿಗೆ ಒಬ್ಬಳೇ ಮಗಳು, ನೀಲಗಂಗಾ. ತಾಯಿಯಿಲ್ಲದ ಹುಡುಗಿ. ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರಗಳನ್ನು ಒಂದೇ ವರ್ಷದಲ್ಲಿ ಕಲಿತು, ಒಂಬತ್ತನೆಯ ವಯಸ್ಸಿಗೆ ಓಣಿಯ ಹೆಂಗಸರಿಗೆ ಪುರಾಣ ಓದಿ ಹೇಳುತ್ತಿದ್ದಳು. ಸಾಲು ತಪ್ಪಿದರೆ ತಾನೇ ತಡೆದು ನಿಂತು, ಹಿಂದಕ್ಕೆ ಹೋಗಿ, ಸರಿಯಾಗಿ ಓದುವಳು. ಮಗಳು ದೊಡ್ಡವಳಾಗಿ ಸಾಲೆಯಲ್ಲಿ ಕಲಿಸಬೇಕೆಂಬುದು ದೌಲಪ್ಪನ ಆಸೆ. ಊರವರು ನಕ್ಕರೂ ಅವನು ಅದನ್ನು ಬಿಡಲಿಲ್ಲ.

ಅದು ನಿಜಾಮರ ಸರ್ಕಾರದ ಕಾಲ. ಮುಂದೆ ಓದಬೇಕೆಂದರೆ ಕಲಬುರಗಿಗೆ ಹೋಗಬೇಕು, ಉರ್ದುವಿನಲ್ಲೇ ಓದಬೇಕು. 1926ರ ಬೇಸಿಗೆ ಕಳೆಯುತ್ತಲೇ ದೌಲಪ್ಪ ಮಗಳನ್ನು ಗಾಡಿಯಲ್ಲಿ ಕರೆದೊಯ್ದು, ಸ್ಟೇಶನ್ ಬಜಾರದ ಹತ್ತಿರವಿದ್ದ ತನ್ನ ಅಕ್ಕ ಕಸ್ತೂರಿಬಾಯಿಯ ಮನೆಯಲ್ಲಿ ಬಿಟ್ಟು ಬಂದ.

ಸಾಲೆಯ ಉಸ್ತಾನಿ ಮೆಹರುನ್ನೀಸಾ ಹೈದರಾಬಾದಿನಿಂದ ಹೊಸದಾಗಿ ಬಂದಿದ್ದಳು. ಕಲಿಸುವುದರಲ್ಲಿ ಶ್ರದ್ಧೆಯಿತ್ತು, ಕನ್ನಡ ಬರುತ್ತಿರಲಿಲ್ಲ. ಮೂರು ತಿಂಗಳು ನೀಲಗಂಗಾ ಹಲಗೆಯ ಮೇಲಿದ್ದುದನ್ನು ಚಿತ್ರ ಬರೆದಂತೆ ಬರೆದುಕೊಂಡಳು, ಒಂದೂ ತಿಳಿಯಲಿಲ್ಲ. ಒಂದು ದಿನ ಉಸ್ತಾನಿ ಕೇಲೆಯ, ಅಂದರೆ ಬಾಳೆಹಣ್ಣಿನ, ರಂಗು ಯಾವುದೆಂದು ಕೇಳಿದಳು. ಅಪ್ಪನ ಬಾಳೆಯ ತೋಟಕ್ಕೆ ಬರುವ ವ್ಯಾಪಾರಿಗಳ ಬಾಯಲ್ಲಿ ಕೇಳಿದ್ದ ಮಾತುಗಳು ಅವು. ನೀಲಗಂಗಾ ಮೊದಲ ಸಲ ಎದ್ದು ನಿಂತು, "ಲಾಲ್" ಎಂದಳು.

ತರಗತಿ ನಕ್ಕಿತು. ಕಮಲಾಪುರದ ಕೆಂಪು ಬಾಳೆಯನ್ನು ಬಜಾರದಲ್ಲಿ ಕಂಡ ಹುಡುಗಿಯರು ಅಲ್ಲಿದ್ದರು, ತಿಂದವರೂ ಇದ್ದರು. ಆದರೆ ಪುಸ್ತಕದಲ್ಲಿ ಹಳದಿ ಎಂದಿತ್ತು. ಉಸ್ತಾನಿಯೂ ನಕ್ಕು, ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದಳು. ಅಂದಿನಿಂದ ನೀಲಗಂಗಾ ಸಾಲೆಯಲ್ಲಿ ಬಾಯಿ ಬಿಡಲಿಲ್ಲ. ಮನೆಯಲ್ಲಿ ಕಸ್ತೂರಿಬಾಯಿ ಏನು ಕೇಳಿದರೂ ತಲೆಯಾಡಿಸುವುದಷ್ಟೇ.

ವರ್ಷದ ಕೊನೆಗೆ ಉಸ್ತಾನಿ ದೌಲಪ್ಪನಿಗೊಂದು ಚೀಟಿ ಕಳಿಸಿದಳು. ಉರ್ದು ಓದಲು ಬಾರದ ದೌಲಪ್ಪ ಅದನ್ನು ಚಾವಡಿಗೆ ಒಯ್ದ. ಊರ ಲೆಕ್ಕ ಬರೆಯುವ ಪಟವಾರಿ ಹತ್ತು ಜನರೆದುರು ಗಟ್ಟಿಯಾಗಿ ಓದಿ, ಹುಡುಗಿಯ ಬುದ್ಧಿ ಮಂದ, ಓದಿಸಿ ಉಪಯೋಗವಿಲ್ಲ ಎಂದು ಅರ್ಥ ಹೇಳಿದ. ರಜೆಗೆಂದು ಊರಿಗೆ ಬಂದಿದ್ದ ನೀಲಗಂಗಾ ಅಪ್ಪನ ಕೈ ಹಿಡಿದು ಅಲ್ಲೇ ನಿಂತಿದ್ದಳು. ರಜೆ ಮುಗಿದರೂ ಅವಳು ಕಲಬುರಗಿಗೆ ಮರಳಲಿಲ್ಲ.

ಮರುವರ್ಷ ಉಸ್ತಾನಿ ತಮ್ಮ ಮಕ್ಸೂದನೊಡನೆ ಹುಮನಾಬಾದಿನ ಮದುವೆಯೊಂದಕ್ಕೆ ಹೊರಟು, ದಾರಿಯಲ್ಲಿ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿದಳು. ಮುದುಕಿಯೊಬ್ಬಳು ಬುಟ್ಟಿ ತಂದಿಟ್ಟಳು. ಬುಟ್ಟಿಯ ತುಂಬ ಕೆಂಪು ಬಾಳೆಹಣ್ಣು. ಮೆಹರುನ್ನೀಸಾ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ದೌಲಪ್ಪನ ಮನೆ ಎಲ್ಲಿ ಎಂದು ಕೇಳಿಸಿದಳು.

ನೀಲಗಂಗಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಉಸ್ತಾನಿಯನ್ನು ಕಂಡದ್ದೇ ಎದ್ದು ಗೋಡೆಗೆ ಒತ್ತಿ ನಿಂತಳು. ಮಕ್ಸೂದನಿಗೆ ಕನ್ನಡ ಬರುತ್ತಿತ್ತು.

"ಅಕ್ಕ ಹೇಳಾಕತ್ತಾಳ, ನೀ ಹೇಳಿದ್ದು ಖರೇ ಇತ್ತಂತ. ತಪ್ಪು ತನ್ನದಂತ. ಮತ್ತ ಸಾಲಿಗಿ ಬಾ ಅಂತಾಳ."

ನೀಲಗಂಗಾ ಉಸ್ತಾನಿಯ ಮುಖ ನೋಡಲಿಲ್ಲ. "ನನ್ನ ತಲಿಗಿ ಹತ್ತಂಗಿಲ್ರೀ," ಎಂದಳು. "ಅವ್ರೇ ಬರದು ಕೊಟ್ಟಾರ."

ಮಕ್ಸೂದ್ ಅದನ್ನು ಉರ್ದುವಿಗೆ ತಿರುಗಿಸುವಾಗ ತಡವರಿಸಿದ. ಮೆಹರುನ್ನೀಸಾ ಹುಡುಗಿಯ ಮುಂದೆ ನೆಲದ ಮೇಲೆಯೇ ಕುಳಿತು, ತನಗೆ ಬಾರದ ಭಾಷೆಯಲ್ಲಿ ಏನೋ ಹೇಳಲು ಹೋಗಿ, ಅತ್ತಳು. ದೌಲಪ್ಪ ನೀರು ತಂದು ಕೊಟ್ಟ. ಅವನೂ ಮಗಳಿಗೆ ಎರಡು ಮಾತು ಹೇಳಿ ನೋಡಿದ. ಅವಳು ಮೊರ ಹಿಡಿದು ಮತ್ತೆ ಜೋಳಕ್ಕೆ ಕುಳಿತಳು.

ಉಸ್ತಾನಿ ಆಮೇಲೆ ಎರಡು ಸಲ ಹೇಳಿ ಕಳಿಸಿದರೂ ನೀಲಗಂಗಾ ಹೋಗಲಿಲ್ಲ. ಪುರಾಣದ ಪುಸ್ತಕವನ್ನೂ ಮುಟ್ಟಲಿಲ್ಲ. ಓಣಿಯ ಹೆಂಗಸರು ಕೆಲವು ದಿನ ಕರೆದರು, ಬರಬರುತ್ತ ಕರೆಯುವುದನ್ನು ಬಿಟ್ಟರು. ಮದುವೆಯಾಯಿತು, ಮಕ್ಕಳಾದವು. ದೌಲಪ್ಪ ತೀರಿಕೊಂಡ ವರ್ಷ ತೋಟ ಅವಳ ಹೆಸರಿಗೆ ಬಂತು. ಪಟವಾರಿ ಕಾಗದ ಮುಂದಿಟ್ಟು, ಹೆಸರು ಬರೆಯಲು ಬರುತ್ತದೆಯೇ ಎಂದು ಕೇಳಿದ. ಅವಳು ಹೆಬ್ಬೆರಳು ಮುಂದೆ ಮಾಡಿದಳು.